ಮುಖಪುಟ ತೆರೆದರೆ ಸಾಲದು: ಲೈಬ್ರರಿಯ ಕೋಹಾ ಸರ್ವರ್‌ಗೆ ಕಾವಲು ಹಾಕಿದ್ದು

ಲೈಬ್ರರಿಯ ಪುಸ್ತಕ, ಸದಸ್ಯರ ಲೆಕ್ಕ ಇಡುವ ತಂತ್ರಾಂಶ ಕೋಹಾ. ಅದರ ಸರ್ವರ್ ಕೆಡುವ ರೀತಿಯೇ ಬೇರೆ. ಮೆಷಿನ್ ಆನ್ ಇರುತ್ತದೆ. ಪಿಂಗ್ ಮಾಡಿದರೆ, ಅಂದರೆ ನೆಟ್‌ವರ್ಕ್‌ನಲ್ಲಿ 'ಇದ್ದೀಯಾ' ಅಂತ ಕೇಳಿದರೆ, ಉತ್ತರ ಬರುತ್ತದೆ. ಲೈಬ್ರರಿಯ ಮುಖಪುಟ ಚೆನ್ನಾಗಿಯೇ ತೆರೆದುಕೊಳ್ಳುತ್ತದೆ. ಆದರೆ ಪುಸ್ತಕದ ಹೆಸರು ಟೈಪ್ ಮಾಡಿ ಹುಡುಕಿದರೆ ಒಂದೂ ಸಿಗುವುದಿಲ್ಲ. ಪುಸ್ತಕ ಕಪಾಟಿನಲ್ಲಿ ಇದ್ದೇ ಇರುತ್ತದೆ. ಹುಡುಗರು 'ಇಲ್ಲಿ ಇಲ್ಲ' ಅಂದುಕೊಂಡು ಹೊರಟುಹೋಗುತ್ತಾರೆ. ಯಾರೂ ದೂರು ಕೊಡುವುದಿಲ್ಲ, ಏಕೆಂದರೆ ಏನೋ ಕೆಟ್ಟಿದೆ ಅಂತ ಯಾರಿಗೂ ಅನಿಸುವುದೇ ಇಲ್ಲ.

ಇದನ್ನು ಹಿಡಿಯುವ ಕಾವಲು ಬೇಕಿತ್ತು. ಜಿಲ್ಲಾ ಕೇಂದ್ರವೊಂದರ ಪದವಿ ಕಾಲೇಜಿನ ಲೈಬ್ರರಿಗೆ ಅದನ್ನು ಹೇಗೆ ಕಟ್ಟಿದೆ ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಕೋಹಾ ನಮ್ಮ ಕಡೆಯ ಕಾಲೇಜುಗಳಲ್ಲಿ ತುಂಬ ಬಳಕೆಯಲ್ಲಿದೆ. ನ್ಯೂಜಿಲೆಂಡಿನ ಹೊರೊಫೆನುವಾ ಲೈಬ್ರರಿ ಟ್ರಸ್ಟ್‌ಗಾಗಿ ತಯಾರಾಗಿ 2000ದಲ್ಲಿ ಬಳಕೆಗೆ ಬಂದ ಉಚಿತ ತಂತ್ರಾಂಶ ಅದು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಲೈಬ್ರರಿ ಆಟೊಮೇಷನ್ ಬಗ್ಗೆ ಪ್ರಶ್ನೆ ಇರುವುದರಿಂದ ಎಷ್ಟೋ ಕಡೆ ಅದನ್ನು ಹಾಕಿಸುತ್ತಾರೆ. ಹಾಕಿಸಿದ ಮೇಲೆ ದಿನವೂ ಅದು ಕೆಲಸ ಮಾಡುತ್ತಿದೆಯೇ ಅಂತ ನೋಡುವವರು ಕಡಿಮೆ.

ನಮ್ಮ ಸರ್ವರ್ ಇರುವುದು ಲೈಬ್ರರಿಯ ಹಿಂದಿನ ಕೋಣೆಯಲ್ಲಿ. ಒಂದು ಟವರ್ ಮೆಷಿನ್, ಡೆಬಿಯನ್ ಲಿನಕ್ಸ್, ಅದರ ಮೇಲೆ ಕೋಹಾ. ಪಕ್ಕದಲ್ಲಿ ಯುಪಿಎಸ್. ಕಾಲೇಜಿನ ಫೈಬರ್ ಲೈನ್‌ಗೆ ಸ್ಥಿರ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಇದೆ, ಹಾಗಾಗಿ ಮಕ್ಕಳು ಮನೆಯಿಂದಲೂ ಪುಸ್ತಕ ಹುಡುಕಬಹುದು. ಮೊದಲು ಇದ್ದ ಕಾವಲು ಪಿಂಗ್ ಒಂದೇ. ಪಿಂಗ್‌ಗೆ ಉತ್ತರ ಕೊಡುವುದು ಲಿನಕ್ಸ್ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಮೇಲಿನ ಎಲ್ಲಾ ಪ್ರೋಗ್ರಾಂ ಸತ್ತಿದ್ದರೂ ಕರ್ನಲ್ ಸುಮ್ನೆ ಉತ್ತರ ಕೊಡುತ್ತಾ ಇರುತ್ತದೆ. ಅದರಿಂದ ಮೆಷಿನ್‌ಗೆ ಕರೆಂಟ್ ಇದೆ, ಕೇಬಲ್ ಇದೆ ಅನ್ನುವಷ್ಟು ಮಾತ್ರ ಗೊತ್ತಾಗುತ್ತದೆ.

ಏನು ಸತ್ತರೆ ಏನು ಕಾಣುತ್ತದೆ

ಮಾನಿಟರ್ (ಸರ್ವರ್ ಸರಿ ಇದೆಯೇ ಅಂತ ಆಗಾಗ ನೋಡುವ ಪರೀಕ್ಷೆ) ಯಾವುದು ಹಾಕಬೇಕು ಅಂತ ಯೋಚಿಸುವ ಮೊದಲು ಒಂದು ಹಾಳೆ ತೆಗೆದುಕೊಂಡು ಕೋಹಾದ ಒಳಗೆ ಏನೇನು ಓಡುತ್ತದೆ ಅಂತ ಬರೆದೆ. ಎದುರಿಗೆ, ಅದು ನಿಂತರೆ ಓದುಗರಿಗೆ ಏನು ಕಾಣುತ್ತದೆ ಅಂತ ಬರೆದೆ. ಈ ಹಾಳೆಯೇ ಮುಂದಿನ ಎಲ್ಲಾ ಕೆಲಸಕ್ಕೆ ಆಧಾರವಾಯಿತು.

ಮುಂದೆ ನಿಂತು ಬ್ರೌಸರ್‌ನ ಮಾತು ಕೇಳುವುದು ಅಪಾಚೆ ಅನ್ನುವ ವೆಬ್ ಸರ್ವರ್. ಅದು ನಿಂತರೆ ಪುಟವೇ ತೆರೆಯುವುದಿಲ್ಲ, ಸಂಪರ್ಕ ನಿರಾಕರಿಸಿದೆ ಅಂತ ಬರುತ್ತದೆ. ಅಪಾಚೆಯ ಹಿಂದೆ ಪ್ಲ್ಯಾಕ್. ಕೋಹಾದ ಪುಟಗಳನ್ನು ತಯಾರಿಸಿ ಕೊಡುವ ಕೆಲಸಗಾರ ಪ್ರೋಗ್ರಾಂಗಳು ಇದರ ಕೈಯಲ್ಲಿವೆ. ಪ್ಲ್ಯಾಕ್ ನಿಂತರೆ 503 ದೋಷದ ಪುಟ. ಪುಸ್ತಕ, ಸದಸ್ಯರು, ಸಾಲದ ಲೆಕ್ಕ ಎಲ್ಲಾ ಇರುವುದು ಮರಿಯಾಡಿಬಿ ಡೇಟಾಬೇಸ್‌ನಲ್ಲಿ. ಅದು ನಿಂತರೂ ದೋಷದ ಪುಟವೇ ಬರುತ್ತದೆ. ಇವು ಮೂರೂ ಜೋರಾಗಿ ಕೂಗಿಕೊಂಡು ಸಾಯುವಂಥವು. ಹಿಡಿಯುವುದು ಸುಲಭ.

ಕಷ್ಟ ಇರುವುದು ಜೀಬ್ರಾದಲ್ಲಿ. ಹುಡುಕಾಟ ನಡೆಸುವ ಎಂಜಿನ್ ಅದು. ಜೀಬ್ರಾ ನಿಂತರೂ ಮುಖಪುಟ ಬರುತ್ತದೆ, ಲಾಗಿನ್ ಆಗುತ್ತದೆ. ಹುಡುಕಿದರೆ ಮಾತ್ರ ಫಲಿತಾಂಶ ಶೂನ್ಯ. ನಮ್ಮ ಸರ್ವರ್‌ನಲ್ಲಿ ಆ ಖಾಲಿ ಪುಟವೂ 200 ಸ್ಟೇಟಸ್ ಕೋಡ್ ಹೊತ್ತುಕೊಂಡೇ ಬರುತ್ತದೆ, ಅಂದರೆ ಯಂತ್ರದ ಲೆಕ್ಕದಲ್ಲಿ 'ಎಲ್ಲಾ ಸರಿ'. ಅದಕ್ಕಿಂತ ಸೂಕ್ಷ್ಮವಾದದ್ದು ಇಂಡೆಕ್ಸರ್. ಹೊಸ ಪುಸ್ತಕ ಸೇರಿಸಿದಾಗ ಅದನ್ನು ಹುಡುಕಾಟದ ಪಟ್ಟಿಗೆ ಏರಿಸುವ ಪ್ರೋಗ್ರಾಂ. ಇದು ನಿಂತರೆ ಹಳೆಯ ಪುಸ್ತಕಗಳೆಲ್ಲ ಸಿಗುತ್ತವೆ, ಹೊಸದಾಗಿ ಸೇರಿಸಿದ್ದು ಮಾತ್ರ ಸಿಗುವುದಿಲ್ಲ. ಲೈಬ್ರರಿಯನ್ ಮೇಡಂ ಒಮ್ಮೆ ಕೇಳಿದ್ದೂ ಇದನ್ನೇ. "ಸರ್, ನಿನ್ನೆ ಎಂಟ್ರಿ ಮಾಡಿದ ಪುಸ್ತಕ ಕಾಣಿಸ್ತಾ ಇಲ್ಲ, ನಾನು ಸೇವ್ ಮಾಡಿಲ್ವಾ?" ಮೇಡಂ ಸೇವ್ ಮಾಡಿದ್ದರು. ತಮ್ಮದೇ ತಪ್ಪಿರಬೇಕು ಅಂದುಕೊಂಡು ಅವರು ಮತ್ತೆ ಎಂಟ್ರಿ ಮಾಡಿದ್ದರೆ ಅದೇ ಪುಸ್ತಕ ಎರಡು ಸಲ ಕೂತುಬಿಡುತ್ತಿತ್ತು. ಕ್ಯಾಟಲಾಗ್ ಹಾಳಾಗುವುದು ಹೀಗೆಯೇ.

ಕಾವಲುಗಾರ ಎಲ್ಲಿರಬೇಕು

ಅದೇ ಕೋಣೆಯಲ್ಲಿ ಕಾವಲು ಕೂರಿಸಿದರೆ ಕರೆಂಟ್ ಹೋದಾಗ ಎರಡೂ ಒಟ್ಟಿಗೆ ಹೋಗುತ್ತವೆ. ಲೈನ್ ಕಡಿದುಹೋದರೆ ಅಲರ್ಟ್ ಕಳಿಸಲು ದಾರಿಯೇ ಇರುವುದಿಲ್ಲ. ಹಾಗಾಗಿ ಹೊರಗೆ ಒಂದು ಚಿಕ್ಕ ವಿಪಿಎಸ್ (ಇಂಟರ್ನೆಟ್‌ನಲ್ಲಿ ಸಿಗುವ ವರ್ಚುವಲ್ ಸರ್ವರ್) ಬಾಡಿಗೆಗೆ ತೆಗೆದುಕೊಂಡೆ. ಅತ್ಯಂತ ಅಗ್ಗದ ಪ್ಲಾನ್ ಸಾಕು, ಇಷ್ಟು ಕೆಲಸಕ್ಕೆ ಅದೇ ಜಾಸ್ತಿ.

ತಂತ್ರಾಂಶ ಅಪ್‌ಟೈಮ್ ಕುಮಾ. ತಾಣಗಳು ನಡೆಯುತ್ತಿವೆಯೇ ಅಂತ ನೋಡಿ, ನಿಂತರೆ ತಿಳಿಸುವ, 2021ರಿಂದ ಇರುವ ಓಪನ್ ಸೋರ್ಸ್ ಪ್ರಾಜೆಕ್ಟ್. ಇದೇ ಕೆಲಸದ ದೊಡ್ಡ ತಂತ್ರಾಂಶಗಳಾದ ಪ್ರೊಮಿಥಿಯಸ್, ಗ್ರಫಾನಾ ಜೋಡಿಯೂ ನನಗೆ ಗೊತ್ತು, ನೂರು ಸರ್ವರ್ ಇದ್ದರೆ ಅದನ್ನೇ ಹಾಕುತ್ತಿದ್ದೆ. ಇಲ್ಲಿರುವುದು ಒಂದೇ ಸರ್ವರ್. ನಾನು ಊರಲ್ಲಿ ಇಲ್ಲದಾಗ ಮೇಡಂ ಸಹ ಪುಟ ತೆರೆದು ಹಸಿರು ಕೆಂಪು ನೋಡಿ ಅರ್ಥ ಮಾಡಿಕೊಳ್ಳಬೇಕು. ಅದಕ್ಕೆ ಕುಮಾ ಸರಿಯಾದದ್ದು.

ಕುಮಾವನ್ನು ಡಾಕರ್ ಕಂಟೇನರ್ ಆಗಿ, ಅಂದರೆ ಬೇಕಾದದ್ದೆಲ್ಲ ಒಳಗೇ ಇರುವ ಪ್ರತ್ಯೇಕ ಪೊಟ್ಟಣವಾಗಿ, ಓಡಿಸಿದೆ. ಇಲ್ಲಿ ಒಂದು ವಿಷಯ ನಿಧಾನವಾಗಿ ಹೇಳಬೇಕು. ಪೋರ್ಟ್ ಅಂದರೆ ನೆಟ್‌ವರ್ಕ್‌ನಿಂದ ಒಳಬರಲು ಇರುವ, ಸಂಖ್ಯೆ ಹಾಕಿದ ಬಾಗಿಲು. ಕುಮಾ 3001ನೇ ಪೋರ್ಟ್‌ನಲ್ಲಿ ಕೂರುತ್ತದೆ. ತುಂಬ ಕಡೆ ಸಿಗುವ ಡಾಕರ್ ಕಮಾಂಡ್ ಹಾಗೇ ಅಂಟಿಸಿದರೆ ಆ ಪೋರ್ಟ್ ಇಡೀ ಇಂಟರ್ನೆಟ್‌ಗೆ ತೆರೆದುಕೊಳ್ಳುತ್ತದೆ. 'ನಾನು ಯುಎಫ್‌ಡಬ್ಲ್ಯೂ ಫೈರ್‌ವಾಲ್ ಹಾಕಿದ್ದೇನಲ್ಲ' ಅಂತ ನೆಮ್ಮದಿಯಾಗಿ ಇರುವಂತಿಲ್ಲ. ಡಾಕರ್ ತನ್ನ ಪೋರ್ಟ್‌ಗಳಿಗೆ ಲಿನಕ್ಸ್‌ನ ಮೂಲ ಫೈರ್‌ವಾಲ್ ಆದ ಐಪಿಟೇಬಲ್ಸ್‌ನಲ್ಲಿ ನೇರವಾಗಿ ನಿಯಮ ಬರೆಯುತ್ತದೆ, ಯುಎಫ್‌ಡಬ್ಲ್ಯೂ ನಿಯಮಗಳನ್ನು ದಾಟಿ ಹೋಗುತ್ತದೆ. ಮೇಲಾಗಿ ಕುಮಾದ ಪುಟವನ್ನು ಮೊದಲು ಯಾರು ತೆರೆಯುತ್ತಾರೋ ಅವರೇ ಅಡ್ಮಿನ್ ಖಾತೆ ಸೃಷ್ಟಿಸಬಹುದು. ಆದ್ದರಿಂದ ಪೋರ್ಟ್ ಕೊಡುವಾಗ ಮುಂದೆ 127.0.0.1 ಸೇರಿಸಿ ಲೋಕಲ್ ವಿಳಾಸಕ್ಕೆ ಮಾತ್ರ ಕಟ್ಟಿದೆ. ಆಮೇಲೆ ಮೊಬೈಲ್ ಡೇಟಾದಿಂದ ಆ ಪೋರ್ಟ್ ತೆರೆಯಲು ನೋಡಿ, ತೆರೆಯುವುದಿಲ್ಲ ಅಂತ ಖಚಿತ ಮಾಡಿಕೊಂಡೆ. ಈ ಒಂದು ಪರೀಕ್ಷೆ ಬಿಡಲೇಬೇಡಿ.

ಮುಂದೆ, ಹೊರಗಿನ ಕೋರಿಕೆ ತೆಗೆದುಕೊಂಡು ಒಳಗೆ ದಾಟಿಸಲು, ಎಂಜಿನ್‌ಎಕ್ಸ್ ಇಟ್ಟು ಎಚ್‌ಟಿಟಿಪಿಎಸ್ ಕೊಟ್ಟೆ. ಕುಮಾದ ಪುಟ ವೆಬ್‌ಸಾಕೆಟ್ ಮೇಲೆ, ಅಂದರೆ ಮುಚ್ಚದೆ ತೆರೆದೇ ಇರುವ ಸಂಪರ್ಕದ ಮೇಲೆ, ನಡೆಯುತ್ತದೆ. ಎಂಜಿನ್‌ಎಕ್ಸ್‌ನಲ್ಲಿ ಪ್ರಾಕ್ಸಿಯ ಎಚ್‌ಟಿಟಿಪಿ ಆವೃತ್ತಿ 1.1 ಮಾಡಿ, 'ಅಪ್‌ಗ್ರೇಡ್' ಮತ್ತು 'ಕನೆಕ್ಷನ್' ಎರಡೂ ಹೆಡರ್ ಮುಂದಕ್ಕೆ ಕಳಿಸಬೇಕು. ಇಲ್ಲದಿದ್ದರೆ ಕುಮಾದ ಪುಟ ಸರ್ವರ್ ಜೊತೆ ಮಾತನಾಡಲು ಒದ್ದಾಡುತ್ತದೆ. ಡೇಟಾ ಫೋಲ್ಡರ್ ಅನ್ನು ವಿಪಿಎಸ್‌ನ ಸ್ವಂತ ಡಿಸ್ಕ್‌ನಲ್ಲೇ ಇಟ್ಟೆ. ಒಳಗಿರುವುದು ಕುಮಾದ ಡೇಟಾಬೇಸ್ ಆದ ಎಸ್‌ಕ್ಯೂಲೈಟ್ ಫೈಲ್. ಎನ್‌ಎಫ್‌ಎಸ್ ಹಂಚಿಕೆಯ, ಅಂದರೆ ನೆಟ್‌ವರ್ಕ್‌ನಲ್ಲಿ ಹಂಚಿಕೊಂಡ ಡಿಸ್ಕ್‌ನ, ಮೇಲೆ ಇಟ್ಟರೆ ಫೈಲ್ ಲಾಕ್ ಸರಿಯಾಗಿ ಆಗದೆ ಹಾಳಾಗಬಹುದು. ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಅಂತ ಕೊಟ್ಟೆ. ನಿರ್ವಹಣೆಯ ವೇಳೆ ಗುರುತು ಹಾಕುವಾಗ ಐದೂವರೆ ಗಂಟೆ ಆಚೀಚೆ ಆಗಬಾರದು ಅಲ್ವಾ.

ಹುಡುಕಿ ನೋಡುವ ಮಾನಿಟರ್

ಮೊದಲನೆಯ ಮಾನಿಟರ್ ಮುಖಪುಟಕ್ಕೆ, 60 ಸೆಕೆಂಡಿಗೊಮ್ಮೆ. ಇದರಲ್ಲಿ ಹೇಳುವಂಥದ್ದು ಏನಿಲ್ಲ.

ಎರಡನೆಯದೇ ಮುಖ್ಯ. ಕುಮಾದಲ್ಲಿ 'ಕೀವರ್ಡ್' ಅನ್ನುವ ಬಗೆಯ ಮಾನಿಟರ್ ಇದೆ. ಪುಟ ತೆರೆದು, ಅದರೊಳಗೆ ನಾವು ಹೇಳಿದ ಪದ ಇದ್ದರೆ ಮಾತ್ರ ಹಸಿರು ತೋರಿಸುತ್ತದೆ. ಕೋಹಾದಲ್ಲಿ ಹುಡುಕುವ ಪದ ಪುಟದ ವಿಳಾಸದಲ್ಲೇ ಇರುತ್ತದೆ. ಒಮ್ಮೆ ಬ್ರೌಸರ್‌ನಲ್ಲಿ ಹುಡುಕಿ, ಆ ವಿಳಾಸವನ್ನು ಹಾಗೇ ತಂದು ಮಾನಿಟರ್‌ಗೆ ಕೊಟ್ಟರೆ ಆಯಿತು. ಪ್ರತಿ ಸಲವೂ ಕುಮಾ ನಿಜವಾದ ಹುಡುಕಾಟ ಮಾಡುತ್ತದೆ. ಅಪಾಚೆ, ಪ್ಲ್ಯಾಕ್, ಮರಿಯಾಡಿಬಿ, ಜೀಬ್ರಾ ನಾಲ್ಕೂ ಸರಿ ಇದ್ದರೆ ಮಾತ್ರ ಉತ್ತರ ಬರುತ್ತದೆ.

ಆದರೆ ಯಾವ ಪದ ಕೊಡಬೇಕು? ಹುಡುಕಿದ ಪದವನ್ನೇ ಕೀವರ್ಡ್ ಮಾಡಿದರೆ ಮಾನಿಟರ್ ಎಂದಿಗೂ ಕೆಂಪಾಗುವುದಿಲ್ಲ. ಏಕೆಂದರೆ 'ನೀವು ಹುಡುಕಿದ ಇಂಥ ಪದಕ್ಕೆ ಏನೂ ಸಿಗಲಿಲ್ಲ' ಅನ್ನುವ ಪುಟದಲ್ಲೂ ಆ ಪದ ಇರುತ್ತದೆ, ಮೇಲಿನ ಹುಡುಕು ಪೆಟ್ಟಿಗೆಯಲ್ಲೂ ಉಳಿದಿರುತ್ತದೆ. ಹಾಗಾಗಿ ಒಂದನ್ನು ಹುಡುಕಿ ಇನ್ನೊಂದನ್ನು ನೋಡಬೇಕು. ನಾನು ಒಂದು ಪಠ್ಯಪುಸ್ತಕದ ಐಎಸ್‌ಬಿಎನ್ ಕೊಟ್ಟು ಹುಡುಕಿಸುತ್ತೇನೆ, ಪುಟದಲ್ಲಿ ಅದರ ಶೀರ್ಷಿಕೆಯ ಎರಡು ಪದ ಇದೆಯೇ ಅಂತ ನೋಡಿಸುತ್ತೇನೆ. ಐಎಸ್‌ಬಿಎನ್‌ನಿಂದ ಶೀರ್ಷಿಕೆಗೆ ಹೋಗಬೇಕಾದರೆ ಜೀಬ್ರಾ ಬದುಕಿರಲೇಬೇಕು.

ಪುಸ್ತಕ ಕಪಾಟಿನಲ್ಲಿ ಎಲ್ಲಿದೆ ಅಂತ ಹೇಳುವ ಕಾಲ್ ನಂಬರನ್ನು ಕೀವರ್ಡ್ ಮಾಡುವ ಆಸೆ ಬರಬಹುದು. ಬೇಡ. ಪುಸ್ತಕ ಯಾರಾದರೂ ಮನೆಗೆ ಒಯ್ದಿದ್ದರೆ ಫಲಿತಾಂಶದ ಪುಟದಲ್ಲಿ ಅದು ಕಾಣುವ ರೀತಿ ಬದಲಾಗುತ್ತದೆ. ಶೀರ್ಷಿಕೆ ಯಾವಾಗಲೂ ಇರುತ್ತದೆ. ಇನ್ನೊಂದು: ಒಂದೇ ಫಲಿತಾಂಶ ಸಿಕ್ಕರೆ ಕೋಹಾ ನೇರವಾಗಿ ಆ ಪುಸ್ತಕದ ಪುಟಕ್ಕೆ ಕಳಿಸುವಂತೆ ಸೆಟ್ಟಿಂಗ್ ಇರುತ್ತದೆ. ಆದ್ದರಿಂದ ಮಾನಿಟರ್‌ನಲ್ಲಿ ರೀಡೈರೆಕ್ಟ್ ಸಂಖ್ಯೆಯನ್ನು ಸೊನ್ನೆ ಮಾಡಬೇಡಿ.

ಮೂರನೆಯ ಮಾನಿಟರ್ ಕನ್ನಡ ಹುಡುಕಾಟಕ್ಕೆ. ಇಂಗ್ಲಿಷ್ ಹುಡುಕಾಟ ಸರಿ ಇದ್ದಾಗ ಕನ್ನಡದ್ದು ಕೆಡುವುದು ಸಾಧ್ಯ, ಅದು ನಮ್ಮಂಥ ಲೈಬ್ರರಿಗಳಿಗೆ ಮಾತ್ರ ಬರುವ ಕಷ್ಟ. ಜೀಬ್ರಾ ಮೊದಲಿಗೆ ಬರುವಾಗ ಸಿಎಚ್‌ಆರ್ ಅನ್ನುವ ಅಕ್ಷರ ಪಟ್ಟಿ ಬಳಸುತ್ತದೆ. ಕನ್ನಡದಂಥ ಲಿಪಿಗೆ ಅದನ್ನು ಬದಲಿಸಿ, ಯೂನಿಕೋಡ್ ಲಿಪಿಗಳನ್ನು ಅರ್ಥ ಮಾಡಿಕೊಳ್ಳುವ ಐಸಿಯು ಹಾಕಬೇಕು. ಆ ಬದಲಾವಣೆ ಇರುವುದು ಎಟ್ಸಿ ಫೋಲ್ಡರ್‌ನ ಒಂದು ಸೆಟ್ಟಿಂಗ್ ಫೈಲ್‌ನಲ್ಲಿ. ಕೋಹಾ ಅಪ್‌ಗ್ರೇಡ್ ಮಾಡುವಾಗ ಡೆಬಿಯನ್ 'ನಿಮ್ಮ ಫೈಲ್ ಉಳಿಸಲಾ, ಹೊಸದು ಹಾಕಲಾ' ಅಂತ ಕೇಳುತ್ತದೆ. ಹೊಸದು ಅಂತ ಒತ್ತಿದರೆ ಐಸಿಯು ಹೋಯಿತು. ಮುಂದಿನ ಸಲ ಇಂಡೆಕ್ಸ್ ಮತ್ತೆ ಕಟ್ಟಿದಾಗ ಕನ್ನಡ ಪುಸ್ತಕಗಳ ಹುಡುಕಾಟ ಹದಗೆಡುತ್ತದೆ, ಇಂಗ್ಲಿಷ್ ಮಾತ್ರ ಎಂದಿನಂತೆ ಇರುತ್ತದೆ. ಲೈಬ್ರರಿಯ ಕನ್ನಡ ವಿಭಾಗವೇ ಕಣ್ಣಿಗೆ ಮರೆಯಾಗುವುದನ್ನು ನಾನು ಸಣ್ಣ ದೋಷ ಅಂತ ಒಪ್ಪುವುದಿಲ್ಲ. ಅದಕ್ಕೆ ಪ್ರತ್ಯೇಕ ಮಾನಿಟರ್ ಇರಲೇಬೇಕು.

ಇಲ್ಲಿ ಹುಡುಕುವುದು ಲೇಖಕರ ಹೆಸರನ್ನು ಕನ್ನಡದಲ್ಲಿ, ನೋಡುವುದು ಅವರ ಒಂದು ಪುಸ್ತಕದ ಶೀರ್ಷಿಕೆಯನ್ನು. ಪದ ಆರಿಸುವಾಗ ಜಾಗ್ರತೆ ಬೇಕಾಯಿತು. ಕನ್ನಡ ಪದಗಳ ನಡುವೆ ಕೆಲವೊಮ್ಮೆ ಕಣ್ಣಿಗೆ ಕಾಣದ ಅಕ್ಷರ ಕೂತಿರುತ್ತದೆ. ಅರ್ಧಾಕ್ಷರ ಮುಂದಿನದರ ಜೊತೆ ಕೂಡಿಕೊಳ್ಳದಂತೆ ತಡೆಯುವ ಝೀರೋ ವಿಡ್ತ್ ನಾನ್ ಜಾಯ್ನರ್ ಅದು. ಕ್ಯಾಟಲಾಗ್‌ನಲ್ಲಿ ಅದು ಇದ್ದು ನಮ್ಮ ಕೀವರ್ಡ್‌ನಲ್ಲಿ ಇಲ್ಲದಿದ್ದರೆ ಎರಡೂ ನೋಡಲು ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಹಾಗಾಗಿ ಒತ್ತಕ್ಷರದ ಗೊಂದಲ ಇಲ್ಲದ ಸರಳ ಪದ ಆರಿಸಿ, ಟೈಪ್ ಮಾಡದೆ ಕ್ಯಾಟಲಾಗ್ ಪುಟದಿಂದಲೇ ಕಾಪಿ ಮಾಡಿ ಅಂಟಿಸಿದೆ. ಇನ್ನು, ಹಿಂದೆ ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಆದ ದಾಖಲೆಗಳು ಕೆಲವು ಲೈಬ್ರರಿಗಳಲ್ಲಿ ಇನ್ನೂ ಇವೆ. ಅವು ಯೂನಿಕೋಡ್ ಅಲ್ಲ. ಪರೀಕ್ಷೆಗೆ ಯೂನಿಕೋಡ್ ದಾಖಲೆಯನ್ನೇ ಆರಿಸಬೇಕು.

ಹುಡುಕಾಟದ ಮಾನಿಟರ್‌ಗಳನ್ನು 60 ಸೆಕೆಂಡಿಗೆ ಇಡಲಿಲ್ಲ, 5 ನಿಮಿಷಕ್ಕೆ ಇಟ್ಟೆ. ಕೋಹಾದಲ್ಲಿ ಪ್ಲ್ಯಾಕ್ ಕೆಲಸಗಾರರ ಸಂಖ್ಯೆ ಮೊದಲಿಗೆ 2 ಅಷ್ಟೇ. ಹುಡುಕಾಟ ಭಾರದ ಕೆಲಸ. ಕಾವಲುಗಾರನೇ ಕೌಂಟರ್‌ನಲ್ಲಿ ಸಾಲು ನಿಂತು ಓದುಗರನ್ನು ಕಾಯಿಸಿದಂತೆ ಆಗಬಾರದು.

ಒಳಗಿನಿಂದ ಬರುವ ಸುದ್ದಿ

ಹೊರಗಿನಿಂದ ಎಲ್ಲವೂ ಕಾಣುವುದಿಲ್ಲ. ಡಿಸ್ಕ್ ಎಷ್ಟು ತುಂಬಿದೆ, ರಾತ್ರಿಯ ಬ್ಯಾಕಪ್ ಆಯಿತೇ, ಇಂಡೆಕ್ಸರ್ ಓಡುತ್ತಿದೆಯೇ ಅನ್ನುವುದು ಒಳಗೇ ಗೊತ್ತಾಗಬೇಕು. ಸಿಬ್ಬಂದಿ ಬಳಸುವ ಪುಟ 8080ನೇ ಪೋರ್ಟ್‌ನಲ್ಲಿದೆ, ಅದನ್ನು ಹೊರಗೆ ತೆರೆದೇ ಇಲ್ಲ, ತೆರೆಯುವುದೂ ಇಲ್ಲ.

ಇದಕ್ಕೆ ಕುಮಾದಲ್ಲಿ 'ಪುಶ್' ಮಾನಿಟರ್ ಇದೆ. ಇದರಲ್ಲಿ ಕುಮಾ ತಾನಾಗಿ ಹೋಗಿ ನೋಡುವುದಿಲ್ಲ. ಒಂದು ಗುಟ್ಟಿನ ವಿಳಾಸ ಕೊಟ್ಟು ಕಾಯುತ್ತದೆ. ನಮ್ಮ ಸರ್ವರ್ ನಿಗದಿತ ವೇಳೆಗೆ ಆ ವಿಳಾಸ ತಟ್ಟಿದರೆ ಹಸಿರು. ತಟ್ಟದೇ ಹೋದರೆ ಕೆಂಪು. ಸುದ್ದಿ ಬರಲಿಲ್ಲ ಅನ್ನುವುದೇ ಇಲ್ಲಿ ಸುದ್ದಿ. ಸರ್ವರ್‌ನಿಂದ ಹೊರಕ್ಕೆ ಹೋಗುವ ಸಂಪರ್ಕ ಸಾಕು, ಹೊಸ ಪೋರ್ಟ್ ತೆರೆಯಬೇಕಾಗಿಲ್ಲ.

ಇಂಡೆಕ್ಸರ್ ಪರೀಕ್ಷೆ ಹೀಗಿದೆ. ಕೋಹಾ ಡೇಟಾಬೇಸ್‌ನಲ್ಲಿ 'ಜೀಬ್ರಾಕ್ಯೂ' ಅನ್ನುವ ಟೇಬಲ್ ಇದೆ. ಪುಸ್ತಕ ಸೇರಿಸಿದಾಗ ಅಥವಾ ತಿದ್ದಿದಾಗ ಅದರಲ್ಲಿ ಒಂದು ಸಾಲು ಬೀಳುತ್ತದೆ, 'ಡನ್' ಅನ್ನುವ ಕಾಲಂನಲ್ಲಿ 0 ಇರುತ್ತದೆ. ಇಂಡೆಕ್ಸರ್ ಅದನ್ನು ಮುಗಿಸಿದ ಮೇಲೆ 1 ಆಗುತ್ತದೆ. ಅರ್ಧ ಗಂಟೆಗಿಂತ ಹಳೆಯದಾದ 0 ಸಾಲು ಒಂದಾದರೂ ಇದ್ದರೆ ಇಂಡೆಕ್ಸರ್ ನಿಂತಿದೆ ಅಂತಲೇ ಲೆಕ್ಕ. ಸ್ಕ್ರಿಪ್ಟ್ 5 ನಿಮಿಷಕ್ಕೊಮ್ಮೆ, ನಿಗದಿತ ವೇಳೆಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಓಡಿ ಆ ಸಾಲುಗಳನ್ನು ಎಣಿಸುತ್ತದೆ. ಎಣಿಕೆ ಸೊನ್ನೆ ಆದರೆ 'ಅಪ್', ಇಲ್ಲದಿದ್ದರೆ 'ಡೌನ್' ಅಂತ ತಟ್ಟುತ್ತದೆ. ಡೇಟಾಬೇಸ್ ಉತ್ತರವನ್ನೇ ಕೊಡದಿದ್ದರೆ? ಆಗ ಖಾಲಿ ಉತ್ತರ ಬರುತ್ತದೆ. ಖಾಲಿಯನ್ನು ಸೊನ್ನೆ ಅಂತ ಓದಬಾರದು. ಉತ್ತರ ಸಂಖ್ಯೆಯಾಗಿ ಇಲ್ಲದಿದ್ದರೆ ಅದೂ 'ಡೌನ್' ಅಂತ ಬರೆದೆ.

ಬ್ಯಾಕಪ್ ಕಥೆ ಬೇರೆ. ಕೋಹಾ ಪ್ಯಾಕೇಜ್ ದಿನವೂ ತಾನೇ ಬ್ಯಾಕಪ್ ಮಾಡುತ್ತದೆ, ಎರಡು ದಿನದ್ದು ಉಳಿಸಿಕೊಳ್ಳುತ್ತದೆ. ಡೆಬಿಯನ್‌ನ ದಿನದ ಕ್ರಾನ್ ಬೆಳಿಗ್ಗೆ 6:25ಕ್ಕೆ. ನನ್ನ ಸ್ಕ್ರಿಪ್ಟ್ 8 ಗಂಟೆಗೆ ಓಡಿ ಮೂರು ಪ್ರಶ್ನೆ ಕೇಳುತ್ತದೆ. ಹೊಸ ಫೈಲ್ ಇಂದಿನದೇ? ಅದರ ಗಾತ್ರ ನಿನ್ನೆಯದಕ್ಕಿಂತ ತೀರಾ ಕಡಿಮೆ ಆಗಿಲ್ಲ ತಾನೆ? ಒತ್ತಿ ಚಿಕ್ಕದಾಗಿಸಿದ ಜಿಜಿಪ್ ಫೈಲ್ ಪೂರ್ತಿ ಓದಲು ಬರುತ್ತದೆಯೇ? ಮೂರಕ್ಕೂ ಹೌದು ಅಂತಾದರೆ ಮಾತ್ರ ತಟ್ಟುತ್ತದೆ. ಕುಮಾದಲ್ಲಿ ಈ ಮಾನಿಟರ್‌ನ ವೇಳೆ 93,600 ಸೆಕೆಂಡ್, ಅಂದರೆ 26 ಗಂಟೆ. 24 ಗಂಟೆಯೇ ಇಟ್ಟರೆ ಸ್ಕ್ರಿಪ್ಟ್ ಒಂದು ನಿಮಿಷ ತಡವಾದರೂ ಸುಳ್ಳು ಅಲರ್ಟ್ ಬರುತ್ತದೆ.

ಡಿಸ್ಕ್‌ಗೆ 85 ಪರ್ಸೆಂಟ್ ಮಿತಿ. ಜಾಗದ ಜೊತೆ ಐನೋಡ್ (ಎಷ್ಟು ಫೈಲ್ ಇಡಬಹುದು ಅನ್ನುವ ಲೆಕ್ಕ) ಕೂಡ ನೋಡುತ್ತೇನೆ. ಸಣ್ಣ ಸಣ್ಣ ಫೈಲ್ ಲಕ್ಷಗಟ್ಟಲೆ ಆದರೆ ಜಾಗ ಇದ್ದರೂ ಹೊಸ ಫೈಲ್ ಬರೆಯಲು ಆಗುವುದಿಲ್ಲ. ಸ್ಕ್ರಿಪ್ಟ್ ಸಿಬ್ಬಂದಿ ಪುಟವನ್ನು, ವಿಳಾಸ ಕೊಟ್ಟರೆ ಪುಟ ತರುವ ಕಮಾಂಡ್ ಆದ ಕರ್ಲ್‌ನಿಂದ ಲೋಕಲ್ ಆಗಿ ತೆರೆದು ನೋಡುತ್ತದೆ. ಕರ್ಲ್‌ಗೆ 'ಎಫ್' ಆಯ್ಕೆ ಕೊಡಬೇಕು. ಇಲ್ಲದಿದ್ದರೆ ಸರ್ವರ್ 500 ಅಂತ ಬೈದು ಕಳಿಸಿದರೂ ಕರ್ಲ್ 'ಕೆಲಸ ಆಯಿತು' ಅಂತಲೇ ಹೇಳುತ್ತದೆ. ಸಮಯದ ಮಿತಿಯೂ ಬೇಕು, ಇಲ್ಲವಾದರೆ ಹಳೆಯ ಸ್ಕ್ರಿಪ್ಟ್‌ಗಳು ಕಾಯುತ್ತಾ ಒಂದರ ಮೇಲೊಂದು ಪೇರಿಸಿಕೊಳ್ಳುತ್ತವೆ. ಪುಶ್ ಜೊತೆ ಕನ್ನಡ ಸಂದೇಶವನ್ನೂ ಕಳಿಸಬಹುದು. ವಿಳಾಸದೊಳಗೆ ನೇರ ಬರೆಯದೆ ಕರ್ಲ್‌ನ ಯುಆರ್‌ಎಲ್ ಎನ್‌ಕೋಡ್ ಆಯ್ಕೆಯಲ್ಲಿ ಕೊಟ್ಟರೆ ಅಕ್ಷರ ಕೆಡುವುದಿಲ್ಲ.

ಇವನ್ನೆಲ್ಲ ಸೇರಿಸಿ ಒಂದೇ ಪುಶ್ ಮಾಡಬಹುದಿತ್ತು. ಮಾಡಲಿಲ್ಲ. ಡಿಸ್ಕ್ ಕೆಂಪಾಗಿ ಕೂತಿರುವಾಗ ಬ್ಯಾಕಪ್ ಕೂಡ ನಿಂತರೆ ಅದು ಕಾಣಿಸಬೇಕು.

ಸರ್ಟಿಫಿಕೇಟ್

ಎಚ್‌ಟಿಟಿಪಿಎಸ್‌ಗೆ ಬೇಕಾದ ತಾಣದ ಗುರುತಿನ ಪತ್ರವೇ ಸರ್ಟಿಫಿಕೇಟ್. ನಮ್ಮದು ಉಚಿತವಾಗಿ ಸಿಗುವ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್, 90 ದಿನದ್ದು. ಸರ್ಟ್‌ಬಾಟ್ ಅನ್ನುವ ಪ್ರೋಗ್ರಾಂ ಅದನ್ನು ಇನ್ನೂ 30 ದಿನ ಇರುವಾಗಲೇ ನವೀಕರಿಸುತ್ತದೆ. ಮೊದಲೆಲ್ಲ ಅವಧಿ ಮುಗಿಯುವ ಮುನ್ನ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಇಮೇಲ್ ಬರುತ್ತಿತ್ತು. 2025ರ ಜೂನ್‌ನಲ್ಲಿ ಅದನ್ನು ನಿಲ್ಲಿಸಿದರು. ಆ ಇಮೇಲ್ ನಂಬಿಕೊಂಡು ಕೂತವರು ಬೇರೆ ವ್ಯವಸ್ಥೆ ಮಾಡಿಕೊಳ್ಳಲೇಬೇಕು. ಕುಮಾ 21, 14, 7 ದಿನ ಉಳಿದಾಗ ತಿಳಿಸುತ್ತದೆ. 30 ದಿನಕ್ಕೇ ನವೀಕರಣ ಆಗಬೇಕಾದ್ದರಿಂದ 21ರ ಅಲರ್ಟ್ ಬಂತು ಅಂದರೆ ಏನೋ ಅಡ್ಡ ಬಂದಿದೆ ಅಂತಲೇ ಅರ್ಥ. ಹೆಚ್ಚಾಗಿ ಕ್ಯಾಂಪಸ್ ಫೈರ್‌ವಾಲ್‌ನಲ್ಲಿ 80ನೇ ಪೋರ್ಟ್ ಮುಚ್ಚಿರುತ್ತದೆ, 'ಈಗ ಎಲ್ಲಾ 443 ಅಲ್ವಾ, 80 ಯಾಕೆ' ಅಂತ. ಎಚ್‌ಟಿಟಿಪಿ ವಿಧಾನದಲ್ಲಿ ನವೀಕರಿಸುವವರಿಗೆ 80 ಬೇಕೇ ಬೇಕು.

ಯಾರಿಗೆ, ಯಾವಾಗ, ಏನು ಹೇಳಬೇಕು

ಎಸ್ಎಂಎಸ್ ಕಳಿಸುವ ಯೋಚನೆ ಬಿಟ್ಟೆ. ಭಾರತದಲ್ಲಿ ಪ್ರೋಗ್ರಾಂನಿಂದ ಎಸ್ಎಂಎಸ್ ಕಳಿಸಲು ಡಿಎಲ್‌ಟಿಯಲ್ಲಿ (ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆ) ಸಂಸ್ಥೆ, ಹೆಡರ್, ಸಂದೇಶದ ಮಾದರಿ ಎಲ್ಲಾ ನೋಂದಾಯಿಸಬೇಕು. ಒಂದು ಸರ್ವರ್‌ಗೆ ಅಷ್ಟು ಬೇಡ. ಟೆಲಿಗ್ರಾಂ ಬಾಟ್ ಸಾಕಾಯಿತು. ಬಾಟ್‌ಫಾದರ್ (ಬಾಟ್ ಮಾಡಿಕೊಡುವ ಟೆಲಿಗ್ರಾಂನದೇ ಖಾತೆ) ಹತ್ತಿರ ಟೋಕನ್ ಪಡೆದು ಎರಡು ಗುಂಪು ಮಾಡಿದೆ. ಗುಂಪಿನ ಐಡಿ ಮೈನಸ್ ಚಿಹ್ನೆಯಿಂದ ಶುರುವಾಗುತ್ತದೆ, ಅದನ್ನೂ ಸೇರಿಸಿ ಹಾಕಬೇಕು. ಗುಂಪು ಮುಂದೆ ಸೂಪರ್‌ಗ್ರೂಪ್ ಆದರೆ ಐಡಿ ಬದಲಾಗುತ್ತದೆ, ಅಲರ್ಟ್‌ಗಳು ಸದ್ದಿಲ್ಲದೆ ನಿಂತುಹೋಗುತ್ತವೆ. ಗುಂಪಿನ ಸೆಟ್ಟಿಂಗ್ ಏನಾದರೂ ಬದಲಿಸಿದರೆ ಕುಮಾದಲ್ಲಿ 'ಟೆಸ್ಟ್' ಒತ್ತಿ ನೋಡುವುದು ಒಳ್ಳೆಯದು.

ಮೊದಲ ಗುಂಪಿನಲ್ಲಿ ನಾನು, ಕಂಪ್ಯೂಟರ್ ವಿಭಾಗದ ಒಬ್ಬ ಮೇಷ್ಟ್ರು. ಅದಕ್ಕೆ ಎಲ್ಲಾ ಅಲರ್ಟ್ ಬರುತ್ತದೆ. ಎರಡನೆಯದರಲ್ಲಿ ಲೈಬ್ರರಿ ಸಿಬ್ಬಂದಿ. ಅದಕ್ಕೆ ಮುಖಪುಟ ಮತ್ತು ಹುಡುಕಾಟದ್ದು ಮಾತ್ರ. ಮಾನಿಟರ್ ಹೆಸರುಗಳನ್ನೇ ಕನ್ನಡದಲ್ಲಿ, ಮುಂದೇನು ಅನ್ನುವುದು ಗೊತ್ತಾಗುವಂತೆ ಬರೆದೆ. 'ಹುಡುಕಾಟ ನಿಂತಿದೆ, ಓದುಗರಿಗೆ ರಿಜಿಸ್ಟರ್ ನೋಡಿ ಹೇಳಿ' ಅಂತ ಮೇಡಂ ಫೋನ್‌ಗೆ ಬಂದರೆ ಅವರು ಕೌಂಟರ್‌ನಲ್ಲಿ ತಕ್ಷಣ ಏನಾದರೂ ಮಾಡಬಹುದು. 'ಓಪ್ಯಾಕ್ ಕೀವರ್ಡ್ ಫೇಲ್' ಅಂತ ಬಂದರೆ ನನಗೆ ಫೋನ್ ಮಾಡುವುದು ಬಿಟ್ಟು ಬೇರೆ ದಾರಿ ಇಲ್ಲ.

ಒಂದು ಸಲ ತಪ್ಪಿದ ತಕ್ಷಣ ಅಲರ್ಟ್ ಬೇಡ. ಫೈಬರ್ ಲೈನ್ ಅರ್ಧ ನಿಮಿಷ ಹೋಗಿ ಬರುವುದು ಸಾಮಾನ್ಯ. ಮುಖಪುಟಕ್ಕೆ ಮೂರು ಮರುಪ್ರಯತ್ನ, ನಿಮಿಷಕ್ಕೊಂದು. ಹುಡುಕಾಟಕ್ಕೆ ಎರಡು. ಇದರಿಂದ ಹುಡುಕಾಟ ನಿಂತು ಸುಮಾರು ಏಳು ನಿಮಿಷದೊಳಗೆ ಗೊತ್ತಾಗುತ್ತದೆ. ಲೈಬ್ರರಿಗೆ ಇದು ಚೆನ್ನಾಗಿ ಸಾಕು. ಸುಳ್ಳು ಅಲರ್ಟ್ ಜಾಸ್ತಿಯಾದರೆ ಜನ ಗುಂಪನ್ನು ಮ್ಯೂಟ್ ಮಾಡುತ್ತಾರೆ. ಆಮೇಲೆ ಎಷ್ಟು ಒಳ್ಳೆಯ ಮಾನಿಟರ್ ಹಾಕಿದರೂ ಪ್ರಯೋಜನವಿಲ್ಲ.

ಕಾಲೇಜಿನ ರೂಟರ್‌ಗೆ ಹೊರಗಿನಿಂದ ಪಿಂಗ್ ಮಾನಿಟರ್ ಒಂದು ಇಟ್ಟಿದ್ದೇನೆ. ಪಿಂಗ್‌ಗೆ ಇಲ್ಲಿ ಸರಿಯಾದ ಕೆಲಸ ಸಿಕ್ಕಿತು. ರೂಟರ್ ಹಸಿರು, ಮುಖಪುಟ ಕೆಂಪು ಅಂದರೆ ಸರ್ವರ್ ನೋಡಬೇಕು. ಎರಡೂ ಕೆಂಪು ಅಂದರೆ ಲೈನ್ ಅಥವಾ ಕರೆಂಟ್. ಆಗ ನಾನು ದೂರದಿಂದ ಸರ್ವರ್ ಒಳಗೆ ಹೋಗಲು ಎಸ್ಎಸ್ಎಚ್ ಮಾಡುತ್ತಾ ಕೂರುವುದಿಲ್ಲ, ಮೊದಲು ಕಾಲೇಜಿಗೆ ಫೋನ್ ಮಾಡಿ "ಕರೆಂಟ್ ಇದೆಯಾ?" ಅಂತ ಕೇಳುತ್ತೇನೆ.

ಇನ್ನು ಕುಮಾ ತಾನೇ ಸತ್ತರೆ? ವಿಪಿಎಸ್‌ನಲ್ಲಿ ಒಂದು ಕ್ರಾನ್ ಕುಮಾದ ಪುಟ ತೆರೆದು ನೋಡುತ್ತದೆ, ಸರಿಯಿದ್ದರೆ ಮಾತ್ರ ಹೆಲ್ತ್‌ಚೆಕ್ಸ್ ಅನ್ನುವ ಹೊರಗಿನ ಸೇವೆಯನ್ನು ತಟ್ಟುತ್ತದೆ. ತಟ್ಟುವುದು ನಿಂತರೆ ಅಲ್ಲಿಂದ ನನಗೆ ಇಮೇಲ್. 'ಸರಿಯಿದ್ದರೆ ಮಾತ್ರ' ಅನ್ನುವುದು ಮುಖ್ಯ. ಸುಮ್ನೆ ಕ್ರಾನ್‌ನಿಂದ ತಟ್ಟಿಸಿದರೆ ಕ್ರಾನ್ ಬದುಕಿದೆ ಅಂತ ಮಾತ್ರ ಗೊತ್ತಾಗುತ್ತದೆ.

ಬೇಕೆಂದೇ ಕೆಡಿಸಿ ನೋಡಿದ್ದು

ಕೆಂಪಾಗುವುದನ್ನು ಕಣ್ಣಾರೆ ನೋಡದ ಮಾನಿಟರ್ ಮೇಲೆ ನನಗೆ ನಂಬಿಕೆ ಇಲ್ಲ. ಲೈಬ್ರರಿ ಮುಚ್ಚಿದ್ದ ಭಾನುವಾರ, ಮೇಡಂಗೆ ಮೊದಲೇ ಹೇಳಿ, ಹಾಳೆ ಎದುರಿಗೆ ಇಟ್ಟುಕೊಂಡು ಒಂದೊಂದನ್ನೇ ನಿಲ್ಲಿಸಿದೆ.

ಅಪಾಚೆ ನಿಲ್ಲಿಸಿದಾಗ ಹೊರಗಿನ ಮೂರೂ ಮಾನಿಟರ್ ಕೆಂಪು, ರೂಟರ್ ಹಸಿರು. ಪ್ಲ್ಯಾಕ್‌ಗೂ ಹಾಗೇ, 503 ಅಂತ ಸಂದೇಶದಲ್ಲೇ ಬಂತು. ಜೀಬ್ರಾ ನಿಲ್ಲಿಸಿದಾಗ ಮುಖಪುಟ ಹಸಿರಾಗಿಯೇ ಉಳಿಯಿತು, ಇಂಗ್ಲಿಷ್ ಕನ್ನಡ ಎರಡೂ ಹುಡುಕಾಟ ಕೆಂಪಾದವು. ಈ ಇಡೀ ಕೆಲಸ ಶುರುವಾದದ್ದೇ ಆ ಒಂದು ನೋಟಕ್ಕೆ. ಇಂಡೆಕ್ಸರ್ ನಿಲ್ಲಿಸಿ ಒಂದು ಪರೀಕ್ಷಾ ದಾಖಲೆ ಸೇರಿಸಿ ಕಾದೆ. ಅರ್ಧ ಗಂಟೆ ದಾಟಿದ ಮೇಲೆ ಅದರ ಪುಶ್ ಕೆಂಪಾಯಿತು, ಉಳಿದದ್ದೆಲ್ಲ ಹಸಿರು. ಮತ್ತೆ ಶುರು ಮಾಡಿದ ಮೇಲೆ ಸಾಲು ಖಾಲಿಯಾಗಿ ಹಸಿರಿಗೆ ಬಂತು. ಡಿಸ್ಕ್ ಪರೀಕ್ಷೆಗೆ ಫಾಲೊಕೇಟ್ ಕಮಾಂಡ್‌ನಿಂದ ದೊಡ್ಡ ಖಾಲಿ ಫೈಲ್ ಮಾಡಿ 85 ದಾಟಿಸಿದೆ, ಆಮೇಲೆ ಅಳಿಸಿದೆ. ಅವಧಿ ಮುಗಿದ ಸರ್ಟಿಫಿಕೇಟ್‌ಗೆ ನಮ್ಮದನ್ನು ಮುಟ್ಟಬೇಕಿಲ್ಲ. ಬ್ಯಾಡ್‌ಎಸ್ಎಸ್ಎಲ್ ತಾಣದಲ್ಲಿ ಪರೀಕ್ಷೆಗೆಂದೇ ಇಟ್ಟ ಪುಟವಿದೆ, ಅದನ್ನು ತಾತ್ಕಾಲಿಕ ಮಾನಿಟರ್ ಆಗಿ ಹಾಕಿ ಕೆಂಪಾಗುವುದನ್ನು ನೋಡಿ ತೆಗೆದೆ. ಕೊನೆಗೆ ರೂಟರ್‌ನ ಕೇಬಲ್ ಕಿತ್ತೆ. ಹೊರಗಿನ ಮಾನಿಟರ್‌ಗಳೆಲ್ಲ ಕೆಂಪು, ಸ್ವಲ್ಪ ಹೊತ್ತಿಗೆ ಪುಶ್‌ಗಳೂ ಕೆಂಪು. ಬ್ಯಾಕಪ್ ಒಂದು ಮಾತ್ರ ಹಸಿರು, ಅದಕ್ಕೆ 26 ಗಂಟೆ ಸಮಯವಿದೆಯಲ್ಲ.

ಓಡಲು ಶುರುವಾದ ಮೇಲೆ ನಿರೀಕ್ಷೆ ಇಲ್ಲದ ಕಡೆಯಿಂದ ಒಂದು ಉಪಕಾರ ಆಯಿತು. ಕುಮಾ ಪ್ರತಿ ಮಾನಿಟರ್‌ಗೂ ಪ್ರತಿಕ್ರಿಯೆಯ ಸಮಯದ ಗ್ರಾಫ್ ಬರೆಯುತ್ತದೆ. ಹುಡುಕಾಟದ ಗ್ರಾಫ್ ರಾತ್ರಿ ಹೊತ್ತು, ಲೈಬ್ರರಿಯಲ್ಲಿ ಯಾರೂ ಇಲ್ಲದಾಗ, ಗುಡ್ಡದಂತೆ ಏರುತ್ತಿತ್ತು. ಅಪಾಚೆ ಲಾಗ್ ನೋಡಿದರೆ, ತಾವಾಗಿಯೇ ತಾಣಗಳ ಪುಟ ತೆರೆಯುತ್ತಾ ಹೋಗುವ ಬಾಟ್‌ಗಳು. ಹುಡುಕಾಟದ ಪಕ್ಕದಲ್ಲಿರುವ ಲೇಖಕ, ವಿಷಯ, ಸ್ಥಳ ಅನ್ನುವ ಪ್ರತಿ ಲಿಂಕ್ ಅನ್ನೂ ಒಂದರ ಮೇಲೊಂದು ಜೋಡಿಸಿಕೊಂಡು ಕೊನೆಯಿಲ್ಲದೆ ತೆರೆಯುತ್ತಿದ್ದವು. ಡೌನ್ ಆಗಿರಲಿಲ್ಲ, ಆದರೆ ಆಗುವ ದಾರಿಯಲ್ಲಿತ್ತು. ಬಾಟ್‌ಗಳು ಎಲ್ಲಿಗೆ ಬರಬಾರದು ಅಂತ ಹೇಳುವ ರೋಬೋಟ್ಸ್ ಫೈಲ್‌ನಲ್ಲಿ ಹುಡುಕಾಟದ ವಿಳಾಸ ನಿಷೇಧಿಸಿದೆ, ಮಾತು ಕೇಳದವನ್ನು ಅಪಾಚೆಯಲ್ಲೇ ತಡೆದೆ. ಕಾವಲು ಮಾಡುವ ವಿಪಿಎಸ್‌ನ ಐಪಿಗೆ ಆ ತಡೆ ತಾಗದಂತೆ ಬಿಟ್ಟೆ. ಪ್ಲ್ಯಾಕ್ ಕೆಲಸಗಾರರ ಸಂಖ್ಯೆಯನ್ನೂ ಮೆಮೊರಿ ನೋಡಿಕೊಂಡು 4ಕ್ಕೆ ಏರಿಸಿದೆ.

ಪ್ರಿನ್ಸಿಪಾಲರು ಸ್ಟೇಟಸ್ ಪುಟ ನೋಡಿ "ಎಷ್ಟು ಪರ್ಸೆಂಟ್ ಬರುತ್ತೆ?" ಅಂತ ಕೇಳಿದರು. 99.9 ಅಂದರೆ 30 ದಿನದ ತಿಂಗಳಿಗೆ 43 ನಿಮಿಷ ಚಿಲ್ಲರೆ ನಿಲ್ಲಬಹುದು ಅಂತ ವಿವರಿಸಿದೆ. ಆ 43 ನಿಮಿಷ ಭಾನುವಾರ ರಾತ್ರಿ ಬಂದರೆ ಒಂದು, ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಬಂದರೆ ಇನ್ನೊಂದು. ವರದಿಗೆ ಸಂಖ್ಯೆ ಕೊಟ್ಟೆ. ನಾನು ಗಮನ ಕೊಡುವುದು ಲೈಬ್ರರಿ ತೆರೆದಿರುವ ಹೊತ್ತಿನ ಕೆಂಪಿಗೆ.

ಉಳಿದಿರುವುದು ಯುಪಿಎಸ್. ಯುಎಸ್‌ಬಿ ಕೇಬಲ್ ಹಾಕಿ ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಮೂಲಕ ಬ್ಯಾಟರಿಯ ಸ್ಥಿತಿ ಓದಿಸಬೇಕು. ಬ್ಯಾಟರಿ ಕೊನೆಗೆ ಬಂದಾಗ ಮರಿಯಾಡಿಬಿ ಸರಿಯಾಗಿ ಮುಚ್ಚಿಕೊಂಡು ಮೆಷಿನ್ ತಾನೇ ಆಫ್ ಆಗಬೇಕು. ರೂಟರ್ ಕೂಡ ಅದೇ ಯುಪಿಎಸ್‌ಗೆ ಬರಬೇಕು. ಈಗ ಅದು ಗೋಡೆಯ ಸಾಕೆಟ್‌ನಲ್ಲಿದೆ, ಕರೆಂಟ್ ಹೋದ ಕ್ಷಣವೇ ಸಾಯುತ್ತದೆ. ಹಾಗಾಗಿ 'ಬ್ಯಾಟರಿಯಲ್ಲಿ ಓಡುತ್ತಿದ್ದೇನೆ' ಅಂತ ಹೇಳಲು ಸರ್ವರ್‌ಗೆ ದಾರಿಯೇ ಇಲ್ಲ. ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೇನೆ. ಲೈನ್ ಎಳೆದುಕೊಟ್ಟ ಮೇಲೆ ಇನ್ನೊಂದು ಪುಶ್ ಮಾನಿಟರ್ ಸೇರಿಸುತ್ತೇನೆ.